ಸಾವಿತ್ರೆವ್ವ ಹೊರಗೆ ಕೂತದ್ದು

ಇಳಕಲ್ಲ,
ನವೆಂಬರ್ 15, ಶನಿವಾರ, ಬೆಳಗಿನ ಹೊತ್ತು

ಪ್ರೀತಿಯ ಮಗಳು ಶೀಲಾಗೆ, ನಿನ್ನ ಅತ್ತೆ ಸಾವಿತ್ರೆವ್ವ ಮಾಡುವ ಆಶೀರ್ವಾದ.

ಹೇಗಿದ್ದೀಯವ್ವಾ? ಹೊಟ್ಟೆನೋವು ಕಡಿಮೆಯಾಯಿತೇ? ಬಾದಾಮಿಯ ತವರಿನಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲಿಯ ಹಾಗೆ ಎಲ್ಲರಿಗೂ ಬಡಿಸಿ ಕೊನೆಗೆ ತಳದ ಅನ್ನ ಕೆರೆದುಕೊಂಡು ಏಳುತ್ತೀಯೋ? ನಿಮ್ಮ ಅವ್ವ ಪದ್ಮವ್ವನವರ ಮೊಣಕಾಲು ಹೇಗಿದೆ? ಮಾಳಿಗೆಯ ಮೆಟ್ಟಿಲು ಹತ್ತಬೇಡಿರೆಂದು ನನ್ನ ಹೆಸರು ಹೇಳಿ ಗದರಿಸು. ನಿನ್ನ ಸಾಲೆಯ ದೊಡ್ಡ ಮೇಡಂ ಫೋನು ಮಾಡಿದ್ದರು. ಶೀಲಾಗೆ ಜ್ವರ ಬಂದಿದೆ, ತವರಿಗೆ ಹೋಗಿದ್ದಾಳೆ ಎಂದಿದ್ದೇನೆ. ಕೇಳಿದರೆ ನೀನೂ ಜ್ವರವೆಂದೇ ಹೇಳು, ಈ ವಯಸ್ಸಿನಲ್ಲಿ ನನ್ನನ್ನು ಸುಳ್ಳಿ ಮಾಡಬೇಡ.

ನೀನು ಫೋನು ಎತ್ತುತ್ತಿಲ್ಲ. ಎತ್ತದಿದ್ದರೆ ಬೇಡ ಬಿಡು. ನಮ್ಮ ಮನೆಯಲ್ಲಿ ಫೋನೆಂದರೆ ಗೊತ್ತಲ್ಲ, ನಿಮ್ಮ ಮಾವನವರಿಗೆ ಕಿವಿ ಮಂದ ಎಂದು ಎಲ್ಲವೂ ಸ್ಪೀಕರಿನಲ್ಲೇ ಆಗಬೇಕು, ಅತ್ತೆ ಸೊಸೆ ಮಾತಾಡುವುದನ್ನು ಇಡೀ ಪಡಸಾಲೆ ಕೇಳಬೇಕು. ಅದಕ್ಕೇ ಏಳನೇ ಇಯತ್ತೆಯತನಕ ಕಲಿತದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯಲು ಕೂತಿದ್ದೇನೆ. ಅಕ್ಷರ ಅಡ್ಡಾದಿಡ್ಡಿ ಇದ್ದರೆ ಕೈ ನಡುಗುತ್ತದೆ ಎಂದು ತಿಳಿಯಬೇಡ. ಸಿಟ್ಟಿನಿಂದ ಪೆನ್ನು ಒತ್ತುತ್ತಿದ್ದೇನೆ.

ಮೊದಲು ನಿನ್ನ ಮೇಲಿನ ಸಿಟ್ಟು ಮುಗಿಸಿಬಿಡುತ್ತೇನೆ. ಅಲ್ಲವ್ವಾ, ಒಂದು ಮಾತು ಆಡದೆ ಹೋದೆಯಲ್ಲ! ಭಾನುವಾರ ನಾನೂ ನಿಮ್ಮ ಮಾವನವರೂ ಹುನಗುಂದದ ಮಠದಿಂದ ಬಂದು ನೋಡಿದರೆ ಬಾಗಿಲಿಗೆ ಬೀಗ, ಬೀಗದ ಕೈ ಎದುರುಮನೆಯ ಖಾಸಿಂಸಾಬರ ಹತ್ತಿರ. ಒಳಗೆ ಬಂದರೆ ಪಾತ್ರೆ ತೊಳೆದು ಬೋರಲು ಹಾಕಿದ್ದೆ, ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದೆ. ಯಾರಿಗಾಗಿ ಬಡಿದೆ ಆ ರೊಟ್ಟಿ? ಮಾವನ ಬಾಯಿಂದ ಅಷ್ಟು ಅನ್ನಿಸಿಕೊಂಡ ಮೇಲೆ ಬುಟ್ಟಿ ಎತ್ತಿ ಅಂಗಳಕ್ಕೆ ಒಗೆಯಬೇಕಿತ್ತು. ಓಣಿ ಕೇಳುವಂತೆ ಜಗಳ ತೆಗೆಯಬೇಕಿತ್ತು. ನಾನು ನಿನ್ನ ಬೆನ್ನಿಗೆ ನಿಲ್ಲುತ್ತಿದ್ದೆ. ನೀನು ಶಾಣ್ಯಾಳಂತೆ ರೊಟ್ಟಿ ಬಡಿದಿಟ್ಟು ಹೋದೆ, ಅವನ್ನು ತಿಂದವರು ಉಪ್ಪು ಕಡಿಮೆಯಾಗಿದೆ ಎಂದರು. ನನ್ನ ಮೈ ಹೇಗೆ ಉರಿದಿರಬೇಕು, ನೀನೇ ಹೇಳು.

ಹೋದ ಶನಿವಾರ ಹಗಲೆಲ್ಲ ನಾನು ಮನೆಯಲ್ಲಿರಲಿಲ್ಲ. ಕಾರ್ತಿಕದ ಶನಿವಾರವೆಂದು ಓಣಿಯ ಹೆಂಗಸರೆಲ್ಲ ಕ್ರೂಸರ್ ಗಾಡಿ ಮಾಡಿಕೊಂಡು ತುಳಸಿಗೇರಿ ಹನಮಪ್ಪನ ದರ್ಶನಕ್ಕೆ ಹೊರಟಿದ್ದೆವು. ಬೆಳಿಗ್ಗೆ ನೀನು ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು “ಅತ್ತಿ, ಹೊರಗಾಗೀನ್ರಿ, ಹೊಟ್ಟಿ ಭಾಳ ನೋಯಾಕತ್ತೈತಿ” ಎಂದೆ. ನಾನು “ಹಂಗಾದ್ರ ಮಲಕ್ಕೋ, ಸಂಜೀಕ ಎದ್ದು ದೇವರ ಜಗಲಿ ಮುಂದ ದೀಪ ಅಷ್ಟ ಹಚ್ಚು, ಕಾರ್ತಿಕದಾಗ ದೇವರ ಮುಂದ ಕತ್ತಲಿ ಬ್ಯಾಡ” ಎಂದೆ. ಹಚ್ಚು ಎಂದವಳು ನಾನು. ನಮ್ಮ ಮನೆಯಲ್ಲಿ ಹೊರಗಾದವರು ಮೂಲೆ ಹಿಡಿಯುವ ಪದ್ಧತಿ ಎಂದೂ ಇರಲಿಲ್ಲ, ನನ್ನ ಅತ್ತೆಯ ಕಾಲದಲ್ಲೂ ಇರಲಿಲ್ಲ. ಆದರೆ ಪಡಸಾಲೆಯಲ್ಲಿ ಕೂತವರ ಕಿವಿಗೆ ಅದು ಬಿತ್ತು. ಊಟಕ್ಕೆ ಬರ್ರಿ ಎಂದು ನಾಲ್ಕು ಸಲ ಕೂಗಿದರೂ ಕೇಳಿಸದ ಆ ಕಿವಿಗೆ ಇದು ಮಾತ್ರ ಸ್ವಚ್ಛ ಕೇಳಿಸಿತು ನೋಡು!

ಹೊತ್ತು ಮುಳುಗಿದ ಮೇಲೆ ನಾವು ಗಾಡಿ ಇಳಿದಾಗ ನಮ್ಮ ಮನೆಯ ಮುಂದೆ ಓಣಿಯೇ ನೆರೆದಿತ್ತು. ಯಾರಿಗೋ ಏನೋ ಆಯಿತೆಂದು ಮಂದಿಯನ್ನು ಸರಿಸಿಕೊಂಡು ಮುಂದೆ ಬಂದೆ. ನೋಡಿದರೆ ನಿಮ್ಮ ಮಾವನವರು ಬರಿಗೊರಳಲ್ಲಿ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಾರೆ. ಲಿಂಗಪೂಜೆಗೆ ಕೂತು ಕೊರಳಿಗೆ ಕೈ ಹಾಕಿದರೆ ಲಿಂಗವೂ ಇಲ್ಲ, ಸುತ್ತಿದ ವಸ್ತ್ರವೂ ಇಲ್ಲ, ದಾರವೂ ಇಲ್ಲ. ಓಣಿಯ ಕೂಸುಗಳಿಗೆಲ್ಲ ಲಿಂಗ ಕಟ್ಟುವ ಬಸಯ್ಯನವರ ಲಿಂಗವೇ ಹೋಗಿದೆ. ಅದು ಸಣ್ಣ ಮಾತಲ್ಲ, ನನಗೂ ಗೊತ್ತು. ಲಿಂಗ ಕಳೆದರೆ ಹೊಸದು ಕಟ್ಟಿಸಿಕೊಳ್ಳುವತನಕ ಅವರು ಬಾಯಿಗೆ ನೀರು ಹಾಕುವವರಲ್ಲ. ಅವರ ಮುಖ ನೋಡಿ ನನಗೂ ಪಾಪ ಅನ್ನಿಸಿತು. ಆದರೆ ಅವರ ಬಾಯಿಂದ ಬಂದದ್ದೇನು? “ಹೊರಗಾದಾಕಿ ಜಗಲಿ ಮುಟ್ಟಿ ದೀಪ ಹಚ್ಯಾಳ. ಮನ್ಯಾಗ ಮೈಲಿಗಿ ಕೂಡ್ತು, ಲಿಂಗ ತಾನ ಬಿಟ್ಟು ಹೋತು!” ಇಷ್ಟು ಮಾತನ್ನು ಗಂಡಸರು, ಹುಡುಗರು, ಹಾಲು ಹಾಕಲು ಬಂದವರು, ಎಲ್ಲರೂ ಕೇಳಿದರು. ನೀನು ತಲೆಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ನಿನ್ನ ಗಂಡ ಸಂಗಮೇಶ ಕಲ್ಲಿನ ಕಾರ್ಖಾನೆಯಿಂದ ಬಂದು ಚಹಾದ ಕಪ್ಪು ಹಿಡಿದುಕೊಂಡು ನಿಂತಿದ್ದ.

ನಾನು ಗಾಡಿಯಿಂದ ಇಳಿದವಳೇ ಬಾಯಿ ಮಾಡಿದೆ, ನೀನೂ ಕೇಳಿದ್ದೀಯ. ಬಸವಣ್ಣನ ಹೆಸರು ಹೇಳಿ ಉಣ್ಣುವ ಮನೆಯಲ್ಲಿ ಇದೆಂಥ ಮಾತು? ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲ ಎಂದು ಕೂಸುಗಳಿಗೆ ಲಿಂಗ ಕಟ್ಟುವಾಗ ಇವರೇ ಬಾಯಿ ತುಂಬ ಹೇಳುತ್ತಾರೆ, ಜನ ಕೈಮುಗಿದು ಕೇಳುತ್ತಾರೆ. ಅದೆಲ್ಲ ಮಂದಿಯ ಮನೆಗೆ, ನಮ್ಮ ಮನೆಗೆ ಬೇರೆಯೇ? ಕೇಳಿದರೆ “ನೀ ಸುಮ್ನಿರು, ನಿನಗೇನ್ ತಿಳೀತೈತಿ” ಎಂದರು. ಉಪವಾಸ ಇದ್ದ ಮನುಷ್ಯನ ಕೂಡ ಎಷ್ಟೆಂದು ಕಾದಾಡುವುದು?

ಮರುದಿನ ನಸುಕಿನಲ್ಲಿ ಅವರನ್ನು ಹುನಗುಂದದ ಮಠಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನಿಲ್ಲಲು ತ್ರಾಣವಿರಲಿಲ್ಲ, ಯಾರೋ ಪುಣ್ಯಾತ್ಮರು ಸೀಟು ಬಿಟ್ಟುಕೊಟ್ಟರು. ಸ್ವಾಮಿಗಳು ಹೇಗೆ ಹೋಯಿತಪ್ಪಾ ಎಂದು ಕೇಳಿದರು. ಇವರೇನು ಹೇಳಿದರು ಗೊತ್ತೇ? “ಹೊಳ್ಯಾಗ ಜಳಕಾ ಮಾಡುಮುಂದ ಜಾರಿ ಬಿತ್ರಿ ಬುದ್ಧಿ” ಎಂದರು! ಯಾವ ಹೊಳೆ? ಯಾವ ಜಳಕ? ಮೈಲಿಗೆಯ ಮಾತು ಸ್ವಾಮಿಗಳ ಮುಂದೆ ಯಾಕೆ ಬಾಯಿಂದ ಬರಲಿಲ್ಲ? ಬಂದರೆ ಅಲ್ಲಿ ಉಗಿಸಿಕೊಳ್ಳಬೇಕಾಗುತ್ತದೆಂದು ಗೊತ್ತು. ಓಣಿಯಲ್ಲಾದರೆ ಸೊಸೆಯ ತಪ್ಪು, ಮಠದಲ್ಲಾದರೆ ಹೊಳೆಯ ತಪ್ಪು. ನಾನು ಹಲ್ಲು ಕಚ್ಚಿಕೊಂಡು ಕೂತೆ, ಅವರು ಹೊಸ ಲಿಂಗ ಕಟ್ಟಿಸಿಕೊಂಡು ಪ್ರಸಾದ ಮುಟ್ಟಲಿ ಎಂದು ಕಾದೆ. ಊಟ ಹೊಟ್ಟೆಗಿಳಿದ ಮೇಲೆ ಬಸ್ಸಿನುದ್ದಕ್ಕೂ ಬೈದೆ. ಮನೆಗೆ ಬಂದರೆ ನೀನಿಲ್ಲ.

ಇನ್ನು ನಿನ್ನ ಬಟ್ಟೆ ಒಗೆಯುವ ಮಷಿನ್ನಿನ ಸುದ್ದಿ. ಸೋಮವಾರ ನಾನು ಬಟ್ಟೆ ಹಾಕಿದೆ. ಒಗೆಯುವ ತೊಟ್ಟಿ ಸರಿಯಾಗಿಯೇ ತಿರುಗಿತು. ಹಿಂಡುವ ತೊಟ್ಟಿಗೆ ಹಾಕಿ ಗುಂಡಿ ತಿರುಗಿಸಿದರೆ ಖಟ್ ಖಟ್ ಖಟ್ ಎಂದು ಮನೆ ಬಿದ್ದುಹೋಗುವಂಥ ಸದ್ದು, ಆಮೇಲೆ ಸುಟ್ಟ ವಾಸನೆ, ಆಮೇಲೆ ತಣ್ಣಗೆ ನಿಂತಿತು. ರಿಪೇರಿಯ ಮೀರಾಸಾಬನನ್ನು ಕರೆಸೋಣ ಎಂದೆ. ಅಷ್ಟಕ್ಕೇ ನಿಮ್ಮ ಮಾವನವರು ಎದ್ದು ನಿಂತರು. “ಬಿಚ್ಚಿಸಬ್ಯಾಡ! ಹಳೀದಾಗೈತಿ, ಗುಜರಿಯವಗ ಹಾಕು!” ನಿನ್ನ ಸಂಬಳದಲ್ಲಿ ನೀನು ತಂದ ಮಷಿನ್ನು, ಗುಜರಿಗೆ ಹಾಕು ಎನ್ನಲು ಇವರು ಯಾರು? ಅದೂ ಅಲ್ಲದೆ ಇವರ ಒಂದು ಅರಿವೆಯನ್ನೂ ಅದರಲ್ಲಿ ಹಾಕುವಂತಿಲ್ಲ. ಹೆಂಗಸರ ಸೀರೆ ತಿರುಗುವ ತೊಟ್ಟಿಯಲ್ಲಿ ತನ್ನ ಧೋತರ ಬೀಳಬಾರದು ಎಂದು ಮಷಿನ್ನು ಬಂದ ದಿನವೇ ಹೇಳಿದ್ದಾರೆ, ಇವತ್ತಿಗೂ ನಾನು ಕಲ್ಲಿನ ಮೇಲೆ ಕುಕ್ಕಿ ಒಗೆಯುತ್ತೇನೆ. ಮುಟ್ಟದ ಮಷಿನ್ನಿನ ಮೇಲೆ ಇವರಿಗೇಕೆ ಇಷ್ಟು ಉರಿ ಎಂದು ನನಗೆ ಗುಮಾನಿ ಬಂತು. ಮಂಗಳವಾರ ಇವರು ಸೊಸೈಟಿಯ ಕಡೆ ಹೋದದ್ದೇ ತಡ, ಮೀರಾಸಾಬನಿಗೆ ಹೇಳಿಕಳಿಸಿದೆ.

ಅವನು ಬಂದ, ಹಿಂದಿನ ತಗಡು ಬಿಚ್ಚಿದ, ಹಿಂಡುವ ತೊಟ್ಟಿಯ ಜಾಳಿಗೆ ಬುಟ್ಟಿಯನ್ನು ಮೇಲಕ್ಕೆ ಎಳೆದ. ಕೆಳಗೆ ಇಣುಕಿ ನೋಡಿದವನು ಕೈ ಹಿಂದಕ್ಕೆ ತೆಗೆದುಕೊಂಡ. “ಅವ್ವಾರ, ಇದು ನಿಮ್ಮ ದೇವರದು ಕಾಣತೈತ್ರಿ. ನಾ ಮುಟ್ಟೂದು ಬ್ಯಾಡ, ನೀವ ತಗೋರಿ” ಎಂದ. ಇಣುಕಿದೆ. ವಸ್ತ್ರ ಹರಿದು ಚಿಂದಿಯಾಗಿ ಸುತ್ತಿಕೊಂಡಿತ್ತು, ಒಳಗೆ ಲಿಂಗ. ಅಯ್ಯೋ ಶಿವನೇ, ಅಲ್ಲೇ ಕೂತು ಅತ್ತುಬಿಟ್ಟೆ. ಪಾಪ, ಮೀರಾಸಾಬ ಹೊರಗೆ ಹೋಗಿ ಬೀಡಿ ಹಚ್ಚಿಕೊಂಡು ನಿಂತ, ನಾನು ಕರೆಯುವತನಕ ಒಳಗೆ ಬರಲಿಲ್ಲ. ಮಷಿನ್ನು ಈಗ ಸರಿಯಾಗಿದೆ. ಒಂದು ಬೆಲ್ಟು ಸುಟ್ಟಿತ್ತು, ಅಷ್ಟೇ.

ನಿಮ್ಮ ಮಾವನವರು ಮನೆಗೆ ಬಂದಕೂಡಲೇ ಅವರ ಮುಂದೆ ಲಿಂಗ ಇಟ್ಟೆ. ಕಣ್ಣಿಗೆ ಒತ್ತಿಕೊಂಡರು. ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಆಗಲಾದರೂ ಮನುಷ್ಯ ತಪ್ಪಾಯಿತು ಎನ್ನಬೇಕೋ ಬೇಡವೋ? “ನೋಡಿದ್ಯಾ! ಆಕೀನ ಅರಿವಿ ಕೂಡ ಗಂಟುಕಟ್ಟಿ ಒಗದಾಳ” ಎಂದರು. ಶೀಲಾ, ಮದುವೆಯಾಗಿ ಬಂದಾಗಿನಿಂದ ಇವರ ಮೇಲೆ ಬೇಕಾದಷ್ಟು ಸಲ ಸಿಟ್ಟಾಗಿದ್ದೇನೆ, ಆದರೆ ಆವತ್ತಿನ ಸಿಟ್ಟು ಬೇರೆ. ಇವರ ಅರಿವೆ ಆ ಮಷಿನ್ನಿಗೆ ಬೀಳುವುದೇ ಇಲ್ಲ, ಕೊರಳಲ್ಲಿದ್ದ ಲಿಂಗ ಅರಿವೆಯ ಕೂಡ ಹೇಗೆ ಹೋಯಿತು ಎಂದು ಕೇಳಿದರೆ ಹೊರಳಿ ಗೋಡೆ ನೋಡುತ್ತಾರೆ.

ಬುಧವಾರ ಬೆಳಿಗ್ಗೆ ಒಂದು ಚಾಪೆ, ಒಂದು ತಂಬಿಗೆ, ಒಂದು ತಾಟು ತೆಗೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಒಳಗೆ ಬಾ ಎಂದರು. “ಹೆಂಗಸರ ಮೈ ಮೈಲಿಗಿ ಅಂದ್ರಲ್ಲ, ನಾನೂ ಹೆಂಗಸ. ಒಲಿ ಮುಟ್ಟಂಗಿಲ್ಲ, ಜಗಲಿ ಮುಟ್ಟಂಗಿಲ್ಲ” ಎಂದೆ. ಹಾದುಹೋಗುವವರೆಲ್ಲ ಕೇಳತೊಡಗಿದರು, “ಯಾಕ್ರಿ ಸಾವಿತ್ರೆವ್ವಾರ, ಚಾಪಿ ಹಾಸ್ಕೊಂಡು ಇಲ್ಲೆ ಕುಂತೀರಿ?” ನಾನು ಗಟ್ಟಿಯಾಗಿ “ಹೊರಗಾಗೀನ್ರಿ” ಎಂದೆ. ನನ್ನ ನೆರೆತ ತಲೆ ನೋಡಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಆಮೇಲೆ ಯಾಕೆಂದು ತಿಳಿದು ನಗು ನಿಲ್ಲಿಸಿದರು. ಖಾಸಿಂಸಾಬರ ಹೆಂಡತಿ ನನಗೆ ಚಹಾ ತಂದುಕೊಟ್ಟಳು, ಮಧ್ಯಾಹ್ನ ಯಾರೋ ಜೋಳದ ಬಾನ, ಯಾರೋ ಪುಂಡಿಪಲ್ಯ ತಂದರು, ನಾನು ಹೊಟ್ಟೆತುಂಬ ಉಂಡೆ. ಒಳಗೆ ಅಪ್ಪ ಮಗ ಇಬ್ಬರೂ ಸೇರಿ ಅನ್ನ ಮಾಡಲು ಹೋಗಿ ಕುಕ್ಕರಿಗೆ ನೀರು ಹಾಕುವುದನ್ನೇ ಮರೆತರು. ಅಕ್ಕಿ ಹುರಿದ ವಾಸನೆ ಓಣಿಗೆಲ್ಲ ಬಂತು. ನಾನು ಕತ್ತು ಸಹ ತಿರುಗಿಸಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಮಾವನವರು ಬಂದು ಕಟ್ಟೆಯ ತುದಿಗೆ ಕೂತರು. ನೆಲ ನೋಡಿಕೊಂಡು ಹೇಳಿದರು. “ಅವತ್ತ ನೀ ಇದ್ದಿಲ್ಲ. ಹೊಟ್ಟಿ ಕೆಟ್ಟು ಧೋತರ ಹೊಲಸಾತು. ಶೀಲಾಗ ಹೆಂಗ ಹೇಳ್ಲಿ? ನಾನ ತಗೊಂಡ್ಹೋಗಿ ಮಷಿನ್ನ್ಯಾಗ ಹಾಕಿದ್ನಿ.” ಹಿಂಡುವ ತೊಟ್ಟಿಯಿಂದ ಧೋತರ ಎಳೆಯಲು ಬಗ್ಗಿದಾಗ ಹಳೆಯ ದಾರ ಹರಿದು ಲಿಂಗ ಸಂದಿಗೆ ಜಾರಿರಬೇಕು. ನೀನು ಒಳಕೋಣೆಯಲ್ಲಿ ಮಲಗಿದ್ದೆ, ಫ್ಯಾನಿನ ಸದ್ದಿನಲ್ಲಿ ನಿನಗೇನೂ ಗೊತ್ತಾಗಿರಲಿಕ್ಕಿಲ್ಲ. ಲಿಂಗ ಅದರಲ್ಲಿ ಬಿದ್ದದ್ದು ತನಗೂ ಗೊತ್ತಿರಲಿಲ್ಲ ಎಂದರು. ಅದನ್ನು ನಂಬುತ್ತೇನೆ, ಗೊತ್ತಿದ್ದರೆ ಗುಜರಿಗೆ ಹಾಕೆನ್ನುವ ಮನುಷ್ಯ ಅವರಲ್ಲ. ಮಷಿನ್ನು ತಾನು ಕೆಡಿಸಿದೆನೆಂದೂ, ಬಿಚ್ಚಿಸಿದರೆ ಧೋತರದ ಸುದ್ದಿ ಹೊರಗೆ ಬರುತ್ತದೆಂದೂ ಹೆದರಿದ್ದರಂತೆ. ಮತ್ತೆ ಆ ಹುಡುಗಿಯ ಮೇಲೆ ಯಾಕೆ ಹಾಕಿದಿರಿ ಎಂದೆ. “ಎಲ್ಲಿ ಹೋಗಿದ್ರಿ, ಏನ್ ಮಾಡಾಕತ್ತಿದ್ರಿ ಅಂತ ಎಲ್ಲಾರೂ ಕೇಳಾಕತ್ರು. ಬಾಯಿಗೆ ಅದ ಬಂತು” ಎಂದರು.

ಬಾಯಿಗೆ ಅದೇ ಬಂತಂತೆ! ವಯಸ್ಸಾದ ಮೇಲೆ ಹೊಟ್ಟೆ ಕೆಡುವುದು ಯಾರಿಗೂ ತಪ್ಪಿದ್ದಲ್ಲ. ನನಗೆ ಹೇಳಿದ್ದರೆ ಒಗೆದು ಒಣಹಾಕುತ್ತಿದ್ದೆ, ನಿನಗೆ ಹೇಳಿದ್ದರೆ ನೀನೂ ಮುಖ ಸಿಂಡರಿಸದೆ ಮಾಡುತ್ತಿದ್ದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಅವರ ಮೈಯಿಂದ ಬಂದದ್ದಕ್ಕೆ ವಯಸ್ಸು ಎಂದು ಹೆಸರು, ಅದನ್ನು ಮುಚ್ಚಬೇಕು. ನಿನ್ನ ಮೈಯಿಂದ ಬಂದದ್ದಕ್ಕೆ ಮೈಲಿಗೆ ಎಂದು ಹೆಸರು, ಅದನ್ನು ಕಟ್ಟೆ ಹತ್ತಿ ಕೂಗಬೇಕು. ಇದು ಯಾವ ಊರ ನ್ಯಾಯ? ಧೋತರದ ಸುದ್ದಿಯನ್ನು ನಿನಗೆ ಹೇಳಬೇಡ ಎಂದು ಕೈಮುಗಿದಿದ್ದಾರೆ. ಹೇಳುತ್ತಿದ್ದೇನೆ. ನಿನ್ನ ಮೈಯ ಸುದ್ದಿ ಓಣಿಗೆಲ್ಲ ಗೊತ್ತಾದ ಮೇಲೆ ಅವರ ಮೈಯ ಸುದ್ದಿ ನಿನ್ನೊಬ್ಬಳಿಗಾದರೂ ಗೊತ್ತಿರಲಿ. ನಿಮ್ಮ ಅವ್ವನಿಗೆ ಮಾತ್ರ ಓದಿಸಬೇಡ, ಓದಿ ಹರಿದುಹಾಕು.

ನಾನು ಎರಡು ಮಾತು ಕಡ್ಡಿ ಮುರಿದಂತೆ ಹೇಳಿದೆ. ಮಠದಲ್ಲಿ ಸುಳ್ಳು ಹೇಳಿದ್ದನ್ನು ಮಠದಲ್ಲೇ ಒಪ್ಪಬೇಕು, ಓಣಿಯಲ್ಲಿ ಕೂಗಿದ್ದನ್ನು ಓಣಿಯಲ್ಲೇ ತಿದ್ದಬೇಕು. ಅಲ್ಲಿಯವರೆಗೆ ನಾನು ಹೊರಗೇ ಎಂದೆ. ಗುರುವಾರ ಹುನಗುಂದಕ್ಕೆ ಹೋದೆವು. ಇವರು ಸಿಕ್ಕ ಲಿಂಗವನ್ನು ಸ್ವಾಮಿಗಳಿಗೆ ಒಪ್ಪಿಸಿ ಎಲ್ಲ ಹೇಳಿದರು. ಸ್ವಾಮಿಗಳು ಬೈಯಲಿಲ್ಲ, “ಆ ಹೆಣ್ಣುಮಗಳು ಎಲ್ಲಿ ಅದಾಳ?” ಎಂದಷ್ಟೇ ಕೇಳಿದರು. ನಿನ್ನೆ ಸಂಜೆ ನಿಮ್ಮ ಮಾವನವರು ಅದೇ ಕಟ್ಟೆಯ ಮೇಲೆ ನಿಂತು, ಹಾಲಿನವನನ್ನೂ ನಿಲ್ಲಿಸಿ, “ಶೀಲಾಂದು ಏನೂ ತಪ್ಪಿಲ್ಲ. ಲಿಂಗ ನಾನ ಕಳಕೊಂಡಿದ್ನಿ. ಆಕಿಗೆ ಅಂದದ್ದು ನನ್ನ ಹೊಲಸ ಬಾಯಿ” ಎಂದರು. ಧೋತರದ ಮಾತು ಅಲ್ಲಿ ಬರಲಿಲ್ಲ, ನಾನೂ ಬರಗೊಡಲಿಲ್ಲ. ಆಮೇಲೆ ಚಾಪೆ ಸುತ್ತಿಕೊಂಡು ಒಳಗೆ ಹೋಗಿ ಮೊದಲು ಕುಕ್ಕರು ತಿಕ್ಕಿದೆ. ಬೆನ್ನ ಹಿಂದೆಯೇ ಬಂದು “ಆತಲ್ಲ, ಇನ್ನ ಆಕಿಗೆ ಬಾ ಅಂತ ಫೋನ್ ಹಚ್ಚು” ಎನ್ನುತ್ತಾರೆ! ಆಯಿತಂತೆ, ಮುಗಿಯಿತಂತೆ. ಸೌಟು ಕೈಯಲ್ಲಿತ್ತು, ಏನೋ ದೇವರು ದೊಡ್ಡವನು.

ಇಷ್ಟೇ ಸುದ್ದಿ. ಪದ್ಮವ್ವ ಬೀಗತಿಯವರಿಗೆ ನನ್ನ ಶರಣು ಹೇಳು. ಖಾಸಿಂಸಾಬರ ಹೆಂಡತಿ ನಿನ್ನನ್ನು ದಿನಾ ಕೇಳುತ್ತಾಳೆ. ನಿಮ್ಮ ಮಾವನವರು ಆಶೀರ್ವಾದ ಬರೆ ಎಂದರು, ನಾನು ಬರೆಯುವುದಿಲ್ಲ ಎಂದೆ. ಕೊಡಬೇಕಿದ್ದರೆ ಬಾದಾಮಿಗೆ ಬಂದು ನಿನ್ನ ಮುಂದೆ ನಿಂತು, ತಪ್ಪಾಯಿತು ಎಂದು ಹೇಳಿ ಆಮೇಲೆ ಕೊಡಲಿ. ಸೋಮವಾರದ ಬಸ್ಸಿಗೆ ಹೊರಡುತ್ತೇನೆ ಎಂದಿದ್ದಾರೆ. ನೀನಿಲ್ಲದೆ ಈ ಮನೆ ನನಗೆ ಬೇಸರವಾಗಿದೆ ಮಗಳೇ, ಸುಳ್ಳು ಯಾಕೆ ಹೇಳಲಿ. ಮೈ ಚೆನ್ನಾಗಿ ನೋಡಿಕೋ, ಬಿಸಿನೀರು ಕುಡಿ, ಹೊಟ್ಟೆತುಂಬ ಉಣ್ಣು. ಶಿವ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅತ್ತೆ,
ಸಾವಿತ್ರೆವ್ವ

ಮರೆತದ್ದು: ಈ ಕಾಗದ ಅಂಚೆಗೆ ಹಾಕುತ್ತಿಲ್ಲ. ಸಂಗಮೇಶನೇ ತರುತ್ತಿದ್ದಾನೆ, ಹೊರಗೆ ಗಾಡಿಯ ಹಾರ್ನು ಹೊಡೆಯುತ್ತಿದ್ದಾನೆ, ಅದಕ್ಕೇ ಅವಸರ. ಅಂಟು ಹಚ್ಚಿ ಕೊಡುತ್ತೇನೆ, ಅವನು ಓದಿಲ್ಲ. ದಾರಿಯಲ್ಲಿ ಅಮೀನಗಡದ ಕರದಂಟು ತಂದರೂ ತಂದಾನು, ತೆಗೆದುಕೋ, ಆದರೆ ಕರದಂಟು ಮಾತಾಡುವುದಿಲ್ಲ. ಅವ್ವ ಎಲ್ಲ ಬರೆದಿದ್ದಾಳೆ, ಕಾಗದ ಕೊಟ್ಟರೆ ತನ್ನ ಕೆಲಸ ಮುಗಿಯಿತು, ನಿನ್ನನ್ನು ಹಿಂದೆ ಕೂರಿಸಿಕೊಂಡು ಬರಬಹುದು ಎಂದುಕೊಂಡಿದ್ದಾನೆ. ಮುದುಕನ ಮಾತಿಗೆ ನೀನು ಮನೆ ಬಿಟ್ಟವಳಲ್ಲ, ನನಗೆ ಗೊತ್ತು. ಗಂಡ ಬಾಯಿ ಬಿಡಲಿಲ್ಲ ಎಂದು ಬಿಟ್ಟೆ. ಅಪ್ಪನ ಬಾಯಿ ನಾನು ಬಿಡಿಸಿದೆ, ಮಗನದು ಬಿಡಿಸುವುದಿಲ್ಲ. ಈಗ ಅವನು ನಿನ್ನ ಎದುರಿಗೇ ನಿಂತಿರುತ್ತಾನೆ. ಕಾಗದ ಮಡಚಿಡು, ಅವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳು. “ಅವ್ವ ಬರದಾಳಲ್ಲ” ಎಂದನೋ, ಬಾಗಿಲು ಹಾಕಿಕೋ. ನನ್ನ ಮಗನೆಂದು ನೋಡಬೇಡ.